ಗಲ್ಲಿಯ ಬಾಗಿಲಿಗೆ ಒಂದು ಕೆಂಪು ಗುರುತು

ಅಣ್ಣಾ, ಹೊಲಿಗೆ ಯಂತ್ರಗಳ ದೊಡ್ಡ ಡಾಕ್ಟರೇ,

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳುವ ಕಾಗದ. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ. "ಮೆಷಿನ್ನಿಗೆ ಏನಾಗಿದೆ ಅಂತ ಮೊದಲು ಹೇಳಿ, ಯಾರು ಕೊಡಿಸಿದ್ರು, ಯಾವಾಗ ಕೊಡಿಸಿದ್ರು ಅನ್ನೋದೆಲ್ಲ ಆಮೇಲೆ" ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಮೊದಲು ರೋಗ ಹೇಳಿದ್ದೇನೆ. ಕಥೆ ಈಗ ಹೇಳುತ್ತೇನೆ. ನಿನಗೆ ಗೊತ್ತಿರುವ ಭಾಗವೂ ಇದೆ, ಸಹಿಸಿಕೋ.

ಗ್ರಂಥಾಲಯದ ಕಂಪ್ಯೂಟರ್ ಕೋಣೆಗೆ ಹೊಸ ಯಂತ್ರಗಳು ಬಂದ ವರ್ಷ ನೆನಪಿದೆಯಾ? ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ಚೀಟಿ ಅಂಟಿಸಿದವಳನ್ನು ತಂದು ಆ ಕೋಣೆಯಲ್ಲಿ ಕೂರಿಸಿದರು. ಮೊದಲ ವಾರ ಮೌಸ್ ಹಿಡಿಯುವಾಗ ಕೈ ಬೆವರುತ್ತಿತ್ತು. ಎರಡನೇ ತಿಂಗಳಿಗೆ ನನಗೆ ಹುಚ್ಚೇ ಹಿಡಿಯಿತು. ಒಂದೇ ಕಿಟಕಿಯಲ್ಲಿ ಹತ್ತು ಪುಟ ತೆರೆದಿಟ್ಟುಕೊಳ್ಳುವುದು, ಬೇಕಾದ ಪುಟಕ್ಕೆ ನಕ್ಷತ್ರ ಹಾಕಿ ಎತ್ತಿಡುವುದು, ಪರಭಾಷೆಯ ಪುಟವನ್ನು ಒಂದು ಗುಂಡಿ ಒತ್ತಿ ನಮ್ಮ ಭಾಷೆಗೆ ತಿರುಗಿಸುವುದು, ಕಾಟ ಕೊಡುವ ಜಾಹೀರಾತುಗಳ ಬಾಯಿಗೆ ಬೀಗ ಹಾಕುವುದು. ಪ್ರತಿ ವಾರ ಒಂದಲ್ಲ ಒಂದು ಹೊಸದು ಸಿಗುತ್ತಿತ್ತು. ಸಿಕ್ಕಿದ್ದನ್ನು ಭಾನುವಾರದವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೇ ಕಷ್ಟ. ಭಾನುವಾರ ಬಂತೆಂದರೆ ನಿನ್ನ ಮನೆಗೆ ಓಟ.

ನೀನೋ, ಎಣ್ಣೆ ಮೆತ್ತಿದ ಬೆರಳು ಒರೆಸಿಕೊಳ್ಳುತ್ತ, "ಏನು ಗುಬ್ಬಿ, ಈ ವಾರ ಏನು ಕಡ್ಡಿ ಕಚ್ಚಿಕೊಂಡು ಬಂದೆ?" ಎನ್ನುತ್ತಿದ್ದೆ. ಐವತ್ತು ದಾಟಿದ ಮೇಲೂ ನನ್ನನ್ನು ಗುಬ್ಬಿ ಎನ್ನುವವನು ಲೋಕದಲ್ಲಿ ನೀನೊಬ್ಬನೇ. ಯಾರೋ ಮಾರಿದ ಹಳೇ ಕಂಪ್ಯೂಟರನ್ನು ತಂದು ಬಾಬಿನ್ ಡಬ್ಬಿಗಳ ಪಕ್ಕದಲ್ಲಿ ಇಟ್ಟಿದ್ದೆವು. ಅದಕ್ಕೆ ಹೊಸ ಬ್ರೌಸರ್ ಹಾಕಿಕೊಟ್ಟ ದಿನ, ಮೂರು ವರ್ಷದಿಂದ ಕೆಟ್ಟು ಮೂಲೆಯಲ್ಲಿ ಕೂತಿದ್ದ ಆ ಕಪ್ಪು ಹೊಲಿಗೆ ಯಂತ್ರದ ಹೆಸರು ಹಾಕಿ ಹುಡುಕಿದೆ. ನಮ್ಮ ಅಜ್ಜನ ಕಾಲದಲ್ಲಿ ಅಚ್ಚಾದ ಅದರ ಕೈಪಿಡಿ, ಎಲ್ಲೋ ಸಮುದ್ರದಾಚೆಯ ಗ್ರಂಥಾಲಯದಿಂದ, ಪುಟಪುಟವೂ ತೆರೆದುಕೊಂಡಿತು. ಅನುವಾದ ಸೊಟ್ಟಗಿತ್ತು, ಚಿತ್ರಗಳು ನೆಟ್ಟಗಿದ್ದವು. ನಿನಗೆ ಚಿತ್ರವೇ ಸಾಕಾಗಿತ್ತು. ಸಂಜೆಯೊಳಗೆ ಆ ಯಂತ್ರ ಟಕಟಕ ಎಂದಿತು. ನೀನು ನನ್ನ ಕಡೆ ನೋಡಲೇ ಇಲ್ಲ, ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡೆ. ನನಗೆ ಕಾಣಲಿಲ್ಲ ಅಂದುಕೊಂಡಿದ್ದೆಯಾ?

ಆಮೇಲೆ ನಕ್ಷೆ. ಅದನ್ನು ತೋರಿಸಬಾರದಿತ್ತು ಎಂದು ಈ ಏಳು ತಿಂಗಳಲ್ಲಿ ಎಷ್ಟೋ ಸಲ ಅನ್ನಿಸಿದೆ. ಆದರೆ ನೀನು ಅದರಲ್ಲಿ ನಡೆದದ್ದು ನೆನಪಾದರೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ಮೂರನೇ ವಯಸ್ಸಿನ ಜ್ವರದಲ್ಲಿ ನಿನ್ನ ಎಡಗಾಲು ಸೊರಗಿತು. ಬೀದಿಯ ಕೊನೆಯವರೆಗೆ ಹೋಗಿಬಂದರೆ ಸಾಯಂಕಾಲವಿಡೀ ತೊಡೆ ನೀವಿಕೊಳ್ಳುವವನು ನೀನು. ಬೀದಿಯ ಚಿತ್ರಗಳ ಒಳಗೆ ಇಳಿದು, ಬಾಣದ ಗುರುತು ಒತ್ತುತ್ತ ಒಂದೊಂದೇ ಹೆಜ್ಜೆ ಮುಂದೆ ಹೋಗಬಹುದು ಎಂದು ತೋರಿಸಿದಾಗ, ನೀನು ಯಾವುದೋ ಬಂದರಿನ ದಂಡೆಗುಂಟ ಒಂದೂವರೆ ಗಂಟೆ ನಡೆದೆ. ಟೀ ಆರಿ ಹೋಗಿತ್ತು. ಕೊನೆಗೆ ಕುರ್ಚಿಗೆ ಒರಗಿ, "ಇಲ್ಲಿ ಎಷ್ಟು ನಡೆದರೂ ಕಾಲು ನೋಯಲ್ಲ ಕಣೇ" ಎಂದೆ. ನಾನು ನಕ್ಕುಬಿಟ್ಟೆ. ಅಳು ಬರುತ್ತದೆ ಎಂದು ನಕ್ಕೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಕಟ್ಟಡದ ಮುಖ ದೊಡ್ಡ ರಸ್ತೆಗೆ, ಅಲ್ಲಿ ಬಣ್ಣದ ಅಂಗಡಿ. ನಮ್ಮದು ಬೆನ್ನಿನ ಭಾಗ, ಮನೆಯೂ ಅದೇ, ನಿನ್ನ ಅಂಗಡಿಯೂ ಅದೇ. ಬಾಗಿಲು ಹಿಂದಿನ ಗಲ್ಲಿಗೆ, ಹೋಟೆಲಿನವರ ಕಸದ ಪೀಪಾಯಿಗಳ ಎದುರಿಗೆ. ಹುಟ್ಟಿದಾಗಿನಿಂದ ಆ ಬಾಗಿಲಿನಿಂದಲೇ ಓಡಾಡಿದ್ದೇವೆ. ಶಾಲೆಯಲ್ಲಿದ್ದಾಗ ನಾನು ಗೆಳತಿಯರಿಗೆ ನಮ್ಮ ಮನೆ ಬಣ್ಣದ ಅಂಗಡಿಯ ಮೇಲೆ ಎಂದು ಹೇಳಿದ್ದೆ. ಅವರು ಜೊತೆಗೆ ಬಂದ ದಿನ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ನಿಂತು, ಟಾಟಾ ಮಾಡಿ, ಅವರು ತಿರುವು ದಾಟುವವರೆಗೂ ಕಾದು, ಆಮೇಲೆ ಸುತ್ತು ಹಾಕಿ ಗಲ್ಲಿಗೆ ಓಡುತ್ತಿದ್ದೆ. ಒಂದು ದಿನ ನೀನು ಸೂಜಿ ಪೊಟ್ಟಣ ಹಿಡಿದು ಎದುರು ಬದಿಯಲ್ಲಿ ನಿಂತಿದ್ದೆ. ನನ್ನನ್ನು ನೋಡಿದೆ. ಮನೆಗೆ ಬಂದ ಮೇಲೆ ಅದರ ಬಗ್ಗೆ ಚಕಾರ ಎತ್ತಲಿಲ್ಲ. ಆ ದಿನ ಎರಡು ಬೈದಿದ್ದರೆ ಚೆನ್ನಾಗಿತ್ತು ಅಣ್ಣ.

ನಿನ್ನ ಅಂಗಡಿಯನ್ನು ನಕ್ಷೆಗೆ ಹಾಕೋಣ ಎಂದು ಕುಣಿದವಳು ನಾನೇ. ಹೆಸರು ಬರೆದೆ, ಫೋನ್ ನಂಬರ್ ಹಾಕಿದೆ, ಕಪ್ಪು ಯಂತ್ರದ ಫೋಟೋ ಏರಿಸಿದೆ. ಜಾಗ ತೋರಿಸಿ ಎಂದು ಅದು ಕೇಳಿತು. ಕೆಂಪು ಗುರುತನ್ನು ಎಳೆದುಕೊಂಡು ಹೋಗಿ ದೊಡ್ಡ ರಸ್ತೆಯ ಅಂಚಿನಲ್ಲಿ, ಬಣ್ಣದ ಅಂಗಡಿಯ ಹೊಸ್ತಿಲ ಮೇಲೆ ಬಿಟ್ಟೆ. ನೀನು ಕನ್ನಡಕ ಸರಿಮಾಡಿಕೊಂಡು ನೋಡಿದೆ.

"ಬಾಗಿಲು ಅಲ್ಲಿಲ್ಲವಲ್ಲೇ."

"ಇರಲಿ ಬಿಡೋ. ಗಲ್ಲಿ ಅಂದರೆ ಯಾರು ಬರ್ತಾರೆ? ದೊಡ್ಡ ರಸ್ತೇಲಿದ್ರೆ ಒಂದು ಗತ್ತು" ಎಂದೆ.

ಗಿರಾಕಿಗಳ ನೆಪ ಹೇಳಿದೆ. ನಿಜವಾಗಿ ಆ ಮೆಟ್ಟಿಲ ಮೇಲೆ ಟಾಟಾ ಮಾಡುತ್ತಿದ್ದ ಹುಡುಗಿ ಇನ್ನೂ ಕೆಳಗೆ ಇಳಿದಿರಲಿಲ್ಲ. ನಿನಗದು ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ಇಲ್ಲವಾದರೆ ಅಷ್ಟು ಸುಲಭಕ್ಕೆ ಸುಮ್ಮನಾಗುವವನಲ್ಲ ನೀನು.

ಗಿರಾಕಿಗಳು ಬಂದದ್ದೇನೋ ನಿಜ, ಎಲ್ಲ ಬಣ್ಣದ ಅಂಗಡಿಗೆ. ಭಾರದ ಯಂತ್ರ ಹೊತ್ತುಕೊಂಡು ಬಂದವರು ಅಲ್ಲಿಂದ ಫೋನ್ ಮಾಡುತ್ತಿದ್ದರು, ನೀನು ಕುಂಟುತ್ತ ಸುತ್ತು ಹಾಕಿ ಹೋಗಿ ಕರೆದುಕೊಂಡು ಬರುತ್ತಿದ್ದೆ. "ನನ್ನ ತಂಗಿ ನನಗೆ ದೊಡ್ಡ ರಸ್ತೆಗೆ ಬಡ್ತಿ ಕೊಟ್ಟಿದ್ದಾಳೆ ಸ್ವಾಮಿ" ಎಂದು ಅವರೆದುರು ನಗುತ್ತಿದ್ದೆಯಂತೆ. ನನಗೆ ಮಾತ್ರ ಎರಡು ಸಲ ಹೇಳಿದೆ, "ಗುಬ್ಬಿ, ಅದನ್ನೊಂದು ಹಿಂದಕ್ಕೆ ಸರಿಸು." ಮುಂದಿನ ಭಾನುವಾರ ಮಾಡ್ತೀನಿ ಎಂದೆ. ಎರಡು ಸಲವೂ ಅದನ್ನೇ ಅಂದೆ. ಅತ್ತಿಗೆಗೆ ಹೇಳಬೇಡ ಎಂದವನೂ ನೀನೇ. "ಅವಳಿಗೆ ಗೊತ್ತಾದ್ರೆ ನಿನ್ನ ಜೊತೆ ನನಗೂ ಪೂಜೆ ಆಗತ್ತೆ" ಎಂದು ಕಣ್ಣು ಮಿಟುಕಿಸಿದೆ. ಅತ್ತಿಗೆ ಬೆಳಗ್ಗೆ ಬಟ್ಟೆ ಕಾರ್ಖಾನೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಆ ಮಂಗಳವಾರ ಬಣ್ಣದ ಅಂಗಡಿಗೆ ವಾರದ ರಜೆ. ಮಧ್ಯಾಹ್ನ ಮೂರಕ್ಕೆ ನಿನಗೆ ಎದೆ ಹಿಡಿದುಕೊಂಡಿತು. ನೀನೇ ಆಂಬುಲೆನ್ಸಿಗೆ ಫೋನ್ ಮಾಡಿದೆ, ಅಂಗಡಿಯ ಹೆಸರು ಹೇಳಿದೆ. ಗಾಡಿ ಎಂಟೇ ನಿಮಿಷದಲ್ಲಿ ಬಂದು ದೊಡ್ಡ ರಸ್ತೆಯಲ್ಲಿ, ಎಳೆದಿದ್ದ ಷಟರಿನ ಮುಂದೆ ನಿಂತಿತು. ಅವರು ಷಟರು ಬಡಿದರು. ನಿನ್ನ ಫೋನಿಗೆ ಹನ್ನೊಂದು ಸಲ ಕರೆ ಮಾಡಿದರು. ಪಕ್ಕದ ಔಷಧಿ ಅಂಗಡಿಯ ಕೆಲಸದವಳು ಊಟ ಮುಗಿಸಿ ಬಂದು, "ಅಯ್ಯೋ, ಅವರ ಬಾಗಿಲು ಹಿಂದೆ" ಎಂದಳು. ಏಕಮುಖ ರಸ್ತೆ, ಗಾಡಿ ದೊಡ್ಡ ಸುತ್ತು ಹಾಕಬೇಕಾಯಿತು. ಗಲ್ಲಿಗೆ ಬಂದಾಗ ಇಪ್ಪತ್ತೆರಡು ನಿಮಿಷವಾಗಿತ್ತು. ನೀನು ಮೇಜಿನ ಪಕ್ಕ ನೆಲದ ಮೇಲೆ ಇದ್ದೆ.

ಮೊದಲೇ ಬಂದಿದ್ದರೆ ಉಳಿಯುತ್ತಿದ್ದರಾ ಎಂದು ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲಮ್ಮ" ಎಂದರು. ಆ ಮಾತನ್ನು ದಿನಕ್ಕೆ ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತೇನೆ. ಯಾವ ಕಡೆಯಿಂದ ನೋಡಿದರೂ ನನಗೆ ಬಿಡುಗಡೆ ಇಲ್ಲ.

ಅತ್ತಿಗೆಯ ದುಃಖ ಸಿಟ್ಟಾಗಿ ತಿರುಗಿತು. ಮ್ಯಾಪು ತೋರಿಸಿದ ಜಾಗಕ್ಕೇ ಹೋದೆ ಎಂದು ಆಂಬುಲೆನ್ಸಿನ ಚಾಲಕ ಹೇಳಿದ್ದನ್ನು ಅವರು ನಂಬಲಿಲ್ಲ. "ಆ ಡ್ರೈವರು ಎಲ್ಲೋ ಟೀ ಕುಡೀತಾ ನಿಂತಿದ್ದ, ಈಗ ಮ್ಯಾಪಿನ ಮೇಲೆ ಹಾಕ್ತಾನೆ" ಎಂದು ಹಟ ಹಿಡಿದರು. ದೂರು ಕೊಡುವ ವೆಬ್‌ಸೈಟ್ ಹುಡುಕಿಕೊಡು ಎಂದರು. ನಾನು ಹುಡುಕಿಕೊಟ್ಟೆ. ಅವರ ಪಕ್ಕದಲ್ಲಿ ಕೂತು, ಅವರು ಅಳುತ್ತ ಹೇಳಿದ್ದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿದೆ. ದೂರಿನ ಬಗೆ ಆರಿಸಿ ಎಂದಿತ್ತು, 'ನಿರ್ಲಕ್ಷ್ಯ' ಎಂಬುದನ್ನು ಆರಿಸಿದೆ. ಕೈ ನಡುಗಲಿಲ್ಲ ಅಣ್ಣ. ಅದೇ ನನಗೆ ಇವತ್ತಿಗೂ ಭಯ ಹುಟ್ಟಿಸುವುದು. ಆ ಚಾಲಕನನ್ನು ಆಂಬುಲೆನ್ಸಿನಿಂದ ಇಳಿಸಿ, ವಿಚಾರಣೆ ಮುಗಿಯುವ ತನಕ ಶೆಡ್ಡಿನಲ್ಲಿ ಗಾಡಿ ತೊಳೆಯಲು ಹಾಕಿದರು. ಅದು ಗೊತ್ತಾದ ಮೇಲೂ ಆರು ತಿಂಗಳು ಬಾಯಿಗೆ ಹೊಲಿಗೆ ಹಾಕಿಕೊಂಡು ಇದ್ದೆ. ಗ್ರಂಥಾಲಯದಲ್ಲಿ ಜನರಿಗೆ ನಕ್ಷೆ ನೋಡುವುದು ಹೇಗೆಂದು ಹೇಳಿಕೊಡುತ್ತಿದ್ದೆ. ನಿನ್ನ ಅಂಗಡಿ ಇರುವ ಚೌಕವನ್ನು ಮಾತ್ರ ತೆರೆಯುತ್ತಿರಲಿಲ್ಲ.

ವಿಚಾರಣೆಯ ದಿನ ಹತ್ತಿರ ಬಂದಾಗ ಅತ್ತಿಗೆ ಹೇಳಿದರು, "ನಿಮ್ಮಣ್ಣನ ಕಂಪ್ಯೂಟರಲ್ಲಿ ಉಪಯೋಗಕ್ಕೆ ಬರೋದೇನಾದ್ರೂ ಇದೆಯಾ ನೋಡು." ಅವರು ಕಾರ್ಖಾನೆಗೆ ಹೋದ ಮೇಲೆ ಒಬ್ಬಳೇ ಕೂತು ತೆರೆದೆ. ಕೀಲಿಗಳ ಮೇಲೆ ನಿನ್ನ ಬೆರಳಿನ ಎಣ್ಣೆ ಇನ್ನೂ ಇತ್ತು. ಬ್ರೌಸರ್ ನೀನು ಬಿಟ್ಟ ಪುಟಗಳನ್ನೇ ಮತ್ತೆ ತೆರೆಯಿತು. ನೀನು ಯಾವುದೋ ಬೆಟ್ಟದ ಊರಿನ ಮೆಟ್ಟಿಲು ಬೀದಿಯ ಅರ್ಧದಲ್ಲಿ ನಿಂತಿದ್ದೆ. ಪಕ್ಕದ ಪುಟದಲ್ಲಿ ನಮ್ಮೂರಿನ ನಕ್ಷೆ, ಅದರ ತುಂಬ ಹಸಿರು ಚುಕ್ಕಿಗಳು. ನಿನ್ನೊಬ್ಬನಿಗೆ ಕಾಣುವಂತೆ ಜಾಗಗಳನ್ನು ಗುರುತಿಟ್ಟುಕೊಂಡು ಟಿಪ್ಪಣಿ ಬರೆಯುವುದನ್ನು ನಾನು ಯಾವತ್ತೋ ಒಮ್ಮೆ, ಎದ್ದು ಹೊರಡುವ ಅವಸರದಲ್ಲಿ ತೋರಿಸಿದ್ದೆ. ನೀನು ಅದನ್ನು ಹಿಡಿದುಕೊಂಡು ಎಪ್ಪತ್ತಮೂರು ಮನೆ ಗುರುತು ಮಾಡಿದ್ದೆ. ನೀನು ಆಟೋ ಹತ್ತಿ ಯಂತ್ರ ನೋಡಲು ಹೋಗುತ್ತಿದ್ದ ಮನೆಗಳು.

ಒಂದೊಂದನ್ನೂ ಒತ್ತಿ ಓದಿದೆ. 'ಗಂಟೆ ಕೆಟ್ಟಿದೆ, ಕಿಟಕಿ ಬಡಿಯಬೇಕು.' 'ಅಜ್ಜಿಗೆ ಕಿವಿ ಮಂದ, ಎದುರಿಗೆ ಹೋಗಿ ನಿಲ್ಲು.' 'ಮುಂದಿನ ಗೇಟು ಬರೀ ಶೋಕಿಗೆ, ಬಾಗಿಲು ಪಕ್ಕದಲ್ಲಿ.' ಎಲ್ಲ ಚುಕ್ಕಿಗಳೂ ಸರಿಯಾಗಿ ಬಾಗಿಲ ಮೇಲೇ ಇದ್ದವು, ಒಂದೂ ಆಚೀಚೆ ಇರಲಿಲ್ಲ. ನೋಯುವ ಕಾಲಿನವನಿಗೆ ಹತ್ತು ಹೆಜ್ಜೆಯ ಬೆಲೆ ಗೊತ್ತಿರುತ್ತದೆ. ನನ್ನ ಮನೆಯೂ ಇತ್ತು. 'ಗುಬ್ಬಿ. ಎರಡನೇ ಮೆಟ್ಟಿಲು ಅಲ್ಲಾಡತ್ತೆ, ಸಿಮೆಂಟ್ ತಗೊಂಡು ಹೋಗಬೇಕು.' ಆ ಮೆಟ್ಟಿಲು ಇನ್ನೂ ಅಲ್ಲಾಡುತ್ತದೆ ಅಣ್ಣ.

ಕೊನೆಯದು ಗಲ್ಲಿಯಲ್ಲಿ, ನಮ್ಮ ಬಾಗಿಲ ಮೇಲೆ. ನಾನಿಟ್ಟ ಕೆಂಪು ಗುರುತನ್ನು ಸರಿಸಲು ನನ್ನ ಖಾತೆ ಬೇಕು, ನಿನಗೆ ಆಗುತ್ತಿರಲಿಲ್ಲ. ಹಾಗಾಗಿ ನಿನ್ನದೇ ಹಸಿರು ಚುಕ್ಕಿ ಇಟ್ಟು ಬರೆದುಕೊಂಡಿದ್ದೆ. 'ನಮ್ಮ ಬಾಗಿಲು ಇಲ್ಲಿ. ಗುಬ್ಬಿಗೆ ಇನ್ನೊಂದು ಸಲ ನೆನಪು ಮಾಡಬೇಕು. ಗದರಬಾರದು, ಚಿಕ್ಕಂದಿನಿಂದ ಅವಳಿಗೆ ಈ ಗಲ್ಲಿ ಅಂದರೆ ಬೇಜಾರು.'

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಆ ಸಾಲು ಓದಿ, ನಿನ್ನ ಎಣ್ಣೆ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತೆ. ಗದರಬೇಕಿತ್ತು ಕಣೋ. ಕಿವಿ ಹಿಂಡಿ, ಈಗಲೇ ಕೂತು ಸರಿಮಾಡು ಎನ್ನಬೇಕಿತ್ತು. ನನ್ನ ಬೇಜಾರನ್ನು ಅಷ್ಟು ಜೋಪಾನ ಮಾಡಲು ಹೋಗಿ ನೀನು ಏನು ಕಳೆದುಕೊಂಡೆ ನೋಡು.

ಸಂಜೆ ಅತ್ತಿಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಎಲ್ಲ ಹೇಳಿಬಿಟ್ಟೆ. ಕೂರಲು ಬಿಟ್ಟರೆ ನನ್ನ ಧೈರ್ಯ ಕುಸಿಯುತ್ತದೆ ಎಂದು ನಿಂತಲ್ಲೇ ಹೇಳಿದೆ. ಅವರು ಕೂಗಾಡಲಿಲ್ಲ. ಗೋಡೆ ಹಿಡಿದುಕೊಂಡು ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು. ಆಮೇಲೆ, "ಆ ದೂರನ್ನ ನನ್ನ ಪಕ್ಕ ಕೂತ್ಕೊಂಡೇ ಟೈಪ್ ಮಾಡಿದೆಯಲ್ಲ ನೀನು" ಎಂದರು. "ನನಗೆ ಹೇಳಿದ್ದು ಸಾಲದು. ಗುರುವಾರ ಅಲ್ಲಿ ಬಂದು ಹೇಳು" ಎಂದು ಒಳಗೆ ಹೋದರು.

ಗುರುವಾರ ಹೋದೆ. ಉದ್ದ ಮೇಜು, ಮೂವರು ಅಧಿಕಾರಿಗಳು, ಗೋಡೆಗೆ ಒರಗಿ ಆ ಚಾಲಕ. ನಲವತ್ತರ ಆಸುಪಾಸು. ನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಮೊದಲು ನಿನ್ನ ಕರೆಯ ದಾಖಲೆ ಹಾಕಿದರು. ಹತ್ತೊಂಬತ್ತು ಸೆಕೆಂಡು. ನೀನು ಅಂಗಡಿಯ ಹೆಸರು ಹೇಳಿದೆ, ಎದೆ ಎಂದೆ, ಉಸಿರು ಎಳೆದುಕೊಂಡೆ. ಕೊನೆಗೆ, "ಬಾಗಿಲು ತೆಗೆದೇ ಇದೆ, ಬನ್ನಿ" ಎಂದೆ. ಆಮೇಲೆ ಫೋನ್ ಬಿದ್ದ ಸದ್ದು. ಅಷ್ಟು ನೋವಿನಲ್ಲೂ ಎದ್ದು ಹೋಗಿ ಚಿಲಕ ತೆಗೆದಿಟ್ಟಿದ್ದೆ, ಬರುವವರಿಗೆ ತೊಂದರೆ ಆಗಬಾರದೆಂದು. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ನಾನು ಎದ್ದು ನಿಂತೆ. ಗುರುತು ಇಟ್ಟವಳು ನಾನು, ಸರಿಪಡಿಸು ಎಂದರೂ ಕೇಳದವಳು ನಾನು, ದೂರು ಬರೆದವಳೂ ನಾನೇ ಎಂದೆ. ಚಾಲಕನ ಕಡೆ ತಿರುಗಿ ಕೈಮುಗಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ, ಬೈದರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು. ಅವನು ಕೇಳಿದ್ದು ಒಂದೇ.

"ಈಗ ಆ ಗುರುತು ಎಲ್ಲಿದೆ ಮೇಡಂ?"

ಅಲ್ಲೇ ಇದೆ ಎಂದೆ. ಏಳು ತಿಂಗಳು ತಪ್ಪನ್ನು ಅಪ್ಪಿಕೊಂಡು ಕೂತಿದ್ದೆ, ಸರಿಪಡಿಸಬೇಕೆಂದು ಹೊಳೆದೇ ಇರಲಿಲ್ಲ.

"ಆ ಗಲ್ಲೀಲಿ ಇನ್ನೂ ಮನೆಗಳಿದ್ದಾವಲ್ಲ? ಎಲ್ಲಾದರ ಬಾಗಿಲೂ ಹಿಂದೇನೇ. ಮೊದಲು ಅದನ್ನ ಮಾಡಿ. ನನ್ನ ವಿಷಯ ಆಮೇಲೆ ಆಗತ್ತೆ."

ಅಧಿಕಾರಿಯೊಬ್ಬರು ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನ್ನ ಖಾತೆಗೆ ಹೋಗಿ ಆ ಚೌಕ ತೆರೆದೆ. ಆ ಚಾಲಕ ಹಿಂದೆ ನಿಂತು ನೋಡುತ್ತಿದ್ದ. ಬಣ್ಣದ ಅಂಗಡಿಯ ಹೊಸ್ತಿಲಿನಿಂದ ಗುರುತನ್ನು ಹಿಡಿದು, ಕಟ್ಟಡದ ಮೇಲಿಂದ ಎಳೆದುಕೊಂಡು ಬಂದು, ಪೀಪಾಯಿಗಳ ಎದುರಿಗೆ, ನಮ್ಮ ಬಾಗಿಲ ಮೇಲೆ ಇಳಿಸಿದೆ. ಬೆರಳಿನ ಒಂದು ಅಗಲ, ಅಷ್ಟೇ ಅಣ್ಣ. ಬದಲಾವಣೆಗೆ ಕಾರಣ ಕೇಳಿತು. 'ಹಿಂದಿನ ಜಾಗ ತಪ್ಪಾಗಿತ್ತು' ಎಂದು ಒತ್ತಿದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿತು. 'ಈ ಜಾಗ ನನಗೆ ಚೆನ್ನಾಗಿ ಗೊತ್ತು' ಎಂಬುದನ್ನು ಎರಡು ಸಲ ಓದಿಕೊಂಡು ಒತ್ತಿದೆ.

ದೂರನ್ನು ಅತ್ತಿಗೆ ವಾಪಸ್ ತೆಗೆದುಕೊಂಡರು. ಚಾಲಕ ನಾಳೆಯಿಂದ ಮತ್ತೆ ಗಾಡಿ ಹತ್ತುತ್ತಾನೆ. ಅತ್ತಿಗೆ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತು ಮನೆಗೆ ಹೋದರು. ಅದು ನನಗೆ ಸಲ್ಲಬೇಕಾದ್ದೇ.

ಇವತ್ತು ಭಾನುವಾರ. ಬೆಳಗ್ಗೆ ಮನೆಯಿಂದ ಹೊರಟು, ಹುಟ್ಟಿದ ಮನೆಗೆ ದಾರಿ ತೋರಿಸು ಎಂದು ಫೋನನ್ನು ಕೇಳಿದೆ. ನಗಬೇಡ. ಅದು ನನ್ನನ್ನು ದೊಡ್ಡ ರಸ್ತೆಗೆ ಕರೆದೊಯ್ಯಲಿಲ್ಲ. ಔಷಧಿ ಅಂಗಡಿಗೂ ಮೊದಲೇ ತಿರುಗಿಸಿ, ಗಲ್ಲಿಯೊಳಗೆ ನಡೆಸಿ, ಬಾಗಿಲ ಎದುರಿಗೆ ನಿಲ್ಲಿಸಿ, ತಲುಪಿದ್ದೀರಿ ಎಂದಿತು. ದಾರಿಯಲ್ಲಿ ಉಳಿದ ಹದಿಮೂರು ಬಾಗಿಲುಗಳನ್ನೂ ನಿಂತು ನಿಂತು ಗುರುತು ಮಾಡಿದೆ. ನಿನ್ನ ಹಾಗೆಯೇ, ಸರಿಯಾಗಿ ಬಾಗಿಲ ಮೇಲೆ.

ನಮ್ಮ ಬಾಗಿಲು ತೆರೆದಿತ್ತು. ಅತ್ತಿಗೆ ಒಳಗೆ ಬೆನ್ನು ಮಾಡಿ ಬಟ್ಟೆ ಮಡಿಸುತ್ತಿದ್ದರು, ತಿರುಗಲಿಲ್ಲ. ನಾನು ಸದ್ದಿಲ್ಲದೆ ಒಳಗೆ ಬಂದು ಬಾಗಿಲು ಹಾಕಲು ಹೋದೆ. ಆಗ ಬೆನ್ನು ತಿರುಗಿಸಿಕೊಂಡೇ ಅಂದರು, "ಹಾಕಬೇಡ. ತೆಗೆದೇ ಇರಲಿ."

ಅಷ್ಟೇ ಮಾತು. ನಿನ್ನ ಮೇಜಿನ ಮುಂದೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ಗಲ್ಲಿಯ ಗಾಳಿ ಬರುತ್ತಿದೆ, ಪೀಪಾಯಿಗಳ ವಾಸನೆಯೂ ಬರುತ್ತಿದೆ. ಬರಲಿ.

ಆ ಮೆಟ್ಟಿಲು ಬೀದಿಯ ಪುಟವನ್ನು ನಾನು ಮುಚ್ಚಿಲ್ಲ ಅಣ್ಣ, ಅರ್ಧದಲ್ಲಿ ನಿಂತಿದ್ದೀಯಲ್ಲ. ಹೋಗಿ ಬಾ. ಎಷ್ಟು ದೂರ ನಡೆದರೂ ನಿನ್ನ ಕಾಲು ನೋಯದಿರಲಿ.

ಗದರಿಸಿಕೊಳ್ಳಬೇಕಿದ್ದ ನಿನ್ನ ತಂಗಿ,
ಗುಬ್ಬಿ